ಕೆಟ್ಟ ಬಿಲ್ಡನ್ನು ಕೂಡಿ ಓದುವ ರೂಢಿ

(ಚಿಕ್ಕಮಗಳೂರಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹಾಗೂ ಸಣ್ಣ ತಂತ್ರಾಂಶ ತಂಡಗಳಲ್ಲಿ ಕೆಲಸ ಮಾಡುವವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು ‘ಮೇಕ್’ ಎಂಬ ಸಾಧನವನ್ನು ಬರೆದರು. ನಿಮ್ಮಲ್ಲಿ ಸಿ ಭಾಷೆ ಕಲಿತ ಬಹುತೇಕರು ಅದನ್ನು ಒಮ್ಮೆಯಾದರೂ ಬಳಸಿರುತ್ತೀರಿ. ಅದು ಹುಟ್ಟಿದ ಬಗೆಯನ್ನು ಮಾತ್ರ ತರಗತಿಯಲ್ಲಿ ಯಾರೂ ಹೇಳಿರಲಾರರು. ಫೆಲ್ಡ್‌ಮನ್ನರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಪ್ರೋಗ್ರಾಮಿನ ದೋಷ ಹುಡುಕುವುದರಲ್ಲೇ ಇಡೀ ಬೆಳಗನ್ನು ಕಳೆದಿದ್ದರು. ದೋಷವನ್ನು ಅವರು ಆಗಲೇ ತಿದ್ದಿಯಾಗಿತ್ತು. ಆದರೆ ತಿದ್ದಿದ ಕಡತ ಮತ್ತೆ ಕಂಪೈಲ್ ಆಗಿರಲಿಲ್ಲವಾದ್ದರಿಂದ, ಎಂದರೆ ಯಂತ್ರ ಓಡಿಸುವ ರೂಪಕ್ಕೆ ಬದಲಾಗಿರಲಿಲ್ಲವಾದ್ದರಿಂದ, ಓಡುತ್ತಿದ್ದುದು ಹಳೆಯ ಪ್ರೋಗ್ರಾಮೇ ಆಗಿತ್ತು. ಹಿಂದಿನ ಸಂಜೆ ಫೆಲ್ಡ್‌ಮನ್ ಕೂಡ ಇಂಥದೇ ತೊಂದರೆಯಲ್ಲಿ ಸಿಕ್ಕಿಕೊಂಡಿದ್ದರು. ಇಬ್ಬರ ಕಷ್ಟವೂ ಒಂದೇ ಎಂದು ತಿಳಿದ ಮೇಲೆ, ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂಬುದನ್ನು ಒಂದೆಡೆ ಬರೆದಿಟ್ಟು, ಬದಲಾದ ಭಾಗವನ್ನು ಮಾತ್ರ ಮತ್ತೆ ಕಂಪೈಲ್ ಮಾಡುವ ಸಾಧನವನ್ನು ಫೆಲ್ಡ್‌ಮನ್ ಸಿದ್ಧಪಡಿಸಿದರು.

ಜಾನ್ಸನ್ ಆ ಬೆಳಗಿನ ಕಷ್ಟವನ್ನು ಯಾರಿಗೂ ಹೇಳದೆ ತಮ್ಮಲ್ಲೇ ಇಟ್ಟುಕೊಂಡಿದ್ದರೆ ಅದು ಒಂದು ವ್ಯರ್ಥ ಬೆಳಗಾಗಿ ಮುಗಿದುಹೋಗುತ್ತಿತ್ತು. ಬಿಲ್ಡ್, ಎಂದರೆ ಬರೆದ ಕೋಡಿನಿಂದ ಓಡುವ ತಂತ್ರಾಂಶವನ್ನು ಕಟ್ಟುವ ಕೆಲಸ, ಮತ್ತು ಎಲ್ಲರ ಕೋಡನ್ನೂ ಆಗಾಗ ಒಂದುಗೂಡಿಸಿ ಪರೀಕ್ಷಿಸುವ ಕಂಟಿನ್ಯುಯಸ್ ಇಂಟಿಗ್ರೇಷನ್ (ಸಿಐ) ಬಗ್ಗೆ ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಇದಕ್ಕೇ ಸಂಬಂಧಿಸಿದೆ. ಬಿಲ್ಡ್ ಕೆಟ್ಟಾಗ ಅದರ ಲಾಗನ್ನು (ಯಂತ್ರ ಹಂತಹಂತವಾಗಿ ಬರೆದಿಡುವ ವರದಿಯನ್ನು) ಒಬ್ಬರೇ ಕೂತು ಓದಿ, ಹೇಗೋ ಸರಿಮಾಡಿ ಮುಂದೆ ಹೋದರೆ ತಂಡ ಕಲಿಯುವುದಿಲ್ಲ. ಹಲವರು ಕೂತು ಓದಿ, ತಿಳಿದದ್ದನ್ನು ಬಿಲ್ಡಿನೊಳಗೇ ಬರೆದಿಟ್ಟರೆ ಮಾತ್ರ ಕಲಿಯುತ್ತದೆ.

ಇಲ್ಲಿ ಒಂದು ಉಪಕಥೆಯನ್ನು ಹೇಳಿಬಿಡುತ್ತೇನೆ. ಮೇಕ್ ಕಡತದಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕು, ಸ್ಪೇಸ್ ಕೊಟ್ಟರೆ ನಡೆಯದು ಎಂಬ ನಿಯಮ ನಿಮ್ಮನ್ನು ಕಾಡಿರಬಹುದು. ಅದು ಸರಿಯಲ್ಲ ಎಂದು ಫೆಲ್ಡ್‌ಮನ್ನರಿಗೆ ಕೆಲವೇ ವಾರಗಳಲ್ಲಿ ತಿಳಿದಿತ್ತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಬಳಕೆದಾರರು, ಹೆಚ್ಚಿನವರು ಸ್ನೇಹಿತರೇ, ಆ ಸಾಧನಕ್ಕೆ ಒಗ್ಗಿಕೊಂಡಿದ್ದರು. ಅವರಿಗೆ ತೊಂದರೆ ಕೊಡುವುದು ಬೇಡವೆಂದು ಅವರು ಅದನ್ನು ಹಾಗೆಯೇ ಬಿಟ್ಟರು. ಆ ನಿಯಮ ಇಂದಿಗೂ ಉಳಿದಿದೆ. ನಿಮ್ಮ ತಂಡ ಚಿಕ್ಕದಾಗಿರುವಾಗಲೇ ಬಿಲ್ಡಿನ ಅಭ್ಯಾಸಗಳನ್ನು ತಿದ್ದಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಕಂಟಿನ್ಯುಯಸ್ ಇಂಟಿಗ್ರೇಷನ್ ಎಂಬ ಹೆಸರನ್ನು 1991ರಲ್ಲಿ ಗ್ರೇಡಿ ಬೂಚ್ ಬಳಸಿದರು. ದಿನಕ್ಕೆ ಹಲವು ಬಾರಿ ಎಲ್ಲರ ಕೋಡನ್ನೂ ಒಂದುಗೂಡಿಸಿ, ಬಿಲ್ಡ್ ಮಾಡಿ, ಕೋಡನ್ನು ತಪಾಸಿಸುವ ಪುಟ್ಟ ಪ್ರೋಗ್ರಾಮುಗಳಾದ ಟೆಸ್ಟ್‌ಗಳನ್ನು ಓಡಿಸುವ ಕಟ್ಟುನಿಟ್ಟಿನ ರೂಢಿಯಾಗಿ ಅದು ಬೆಳೆದದ್ದು 1990ರ ದಶಕದ ಕೊನೆಗೆ, ಕೆಂಟ್ ಬೆಕ್ ಮತ್ತು ಅವರ ಜೊತೆಗಾರರ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್‌ನಲ್ಲಿ. ಅದಕ್ಕೆಂದೇ ರೂಪುಗೊಂಡ ಸರ್ವರ್ ತಂತ್ರಾಂಶಗಳು ಆಮೇಲೆ ಬಂದವು: 2001ರಲ್ಲಿ ಕ್ರೂಸ್‌ಕಂಟ್ರೋಲ್, ಅದಾದ ಕೆಲವು ವರ್ಷಗಳಿಗೆ ಕೊಹ್ಸುಕೆ ಕವಾಗುಚಿ ಬರೆದ ಹಡ್ಸನ್, 2011ರಲ್ಲಿ ಅದರಿಂದಲೇ ಹೊಸ ಹೆಸರು ಪಡೆದ ಜೆಂಕಿನ್ಸ್, 2019ರಲ್ಲಿ ಎಲ್ಲರಿಗೂ ತೆರೆದ ಗಿಟ್‌ಹಬ್ ಆಕ್ಷನ್ಸ್. ಮೊದಲು ರೂಢಿ, ಬಳಿಕ ಸಾಧನ ಎಂಬ ಈ ಕ್ರಮವನ್ನು ಗಮನಿಸಿ. ನಾವು ಇದನ್ನು ತಿರುವುಮುರುವಾಗಿ ಕಲಿಯುತ್ತಿದ್ದೇವೆ. ರೆಪೊಸಿಟರಿಯಲ್ಲಿ (ತಂಡದ ಕೋಡನ್ನೆಲ್ಲ ಇಡುವ ಜಾಗದಲ್ಲಿ) ಸಿಐಗೆ ಸೂಚನೆ ಕೊಡುವ ಯಾಮಲ್ ಕಡತವೊಂದಿದ್ದು, ಎಲ್ಲ ಪಾಸಾಯಿತೆಂಬ ಹಸಿರು ಗುರುತು ಕಂಡರೆ ಸಿಐ ಇದೆ ಎಂದುಕೊಳ್ಳುತ್ತೇವೆ. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಬ್ರಾಂಚಿನಲ್ಲಿ (ಕೋಡಿನ ಪ್ರತ್ಯೇಕ ಕವಲಿನಲ್ಲಿ) ಮೂರು ವಾರ ಕೂತಿರುತ್ತಾರೆ. ಮೂರು ವಾರದ ಬಳಿಕ ಮರ್ಜ್ ಮಾಡುವ, ಎಂದರೆ ಎಲ್ಲವನ್ನೂ ಕೂಡಿಸುವ ದಿನ ಬರುವ ಗೋಳನ್ನು ತಪ್ಪಿಸಲೆಂದೇ ಈ ರೂಢಿ ಹುಟ್ಟಿದ್ದು. ದಿನಕ್ಕೊಮ್ಮೆಯಾದರೂ ಮುಖ್ಯ ಬ್ರಾಂಚಿಗೆ ಕೋಡ್ ಸೇರದಿದ್ದರೆ, ಸರ್ವರ್ ಎಷ್ಟೇ ದೊಡ್ಡದಿರಲಿ, ಅಲ್ಲಿ ಇಂಟಿಗ್ರೇಷನ್ ನಡೆಯುತ್ತಿಲ್ಲ.

ಹಣವಿಲ್ಲ, ಸರ್ವರ್ ಇಲ್ಲ ಎನ್ನುವವರಿಗೆ ಜೇಮ್ಸ್ ಶೋರ್ ಎಂಬವರು 2006ರಲ್ಲಿ ವಿವರಿಸಿದ ಒಂದು ಕ್ರಮವನ್ನು ತಿಳಿಸಬಯಸುತ್ತೇನೆ. ಅದಕ್ಕೆ ಬೇಕಾದದ್ದು ಒಂದು ಹಳೆಯ ಕಂಪ್ಯೂಟರ್, ಒಂದು ರಬ್ಬರ್ ಕೋಳಿ ಮತ್ತು ಮೇಜಿನ ಮೇಲಿಡುವ ಒಂದು ಗಂಟೆ. ಕೋಳಿ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಕೋಡ್ ಸೇರಿಸುವ ಹಕ್ಕು; ಆ ಹಳೆಯ ಯಂತ್ರದಲ್ಲಿಯೂ ಬಿಲ್ಡ್ ಆಗಿ ಟೆಸ್ಟ್ ಪಾಸಾದರೆ ಗಂಟೆ ಬಾರಿಸಿ, ಕೋಳಿಯನ್ನು ಅದರ ಜಾಗಕ್ಕೆ ಮರಳಿಸಬೇಕು. ಗಂಟೆಯ ಸದ್ದು ಕೇಳಿದೊಡನೆ ಕೋಣೆಯಲ್ಲಿದ್ದವರಿಗೆಲ್ಲ ಹೊಸ ಕೋಡ್ ಬಂದಿದೆ ಎಂದು ಗೊತ್ತಾಗುತ್ತದೆ. ಇದರಲ್ಲಿ ಸರ್ವರ್ ಇಲ್ಲದೆಯೂ ಇಡೀ ರೂಢಿ ಇದೆ. ಕಾಲೇಜಿನ ಲ್ಯಾಬಿನಲ್ಲಿ ನಾಲ್ಕು ಜನರ ಪ್ರಾಜೆಕ್ಟ್ ತಂಡವೊಂದು ಇದನ್ನು ನಾಳೆಯೇ ಆರಂಭಿಸಬಹುದು.

ಈಗ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನಮ್ಮ ಜಿಲ್ಲೆಯ ಬೆಳೆಗಾರರಿಗೆ ಆ ದಿನದ ಕಾಫಿ ದರವನ್ನು, ಎಂದರೆ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ, ಈ ನಾಲ್ಕರ 50 ಕೆ.ಜಿ. ಮೂಟೆಯ ದರವನ್ನು ತೋರಿಸುವ ಪುಟ್ಟ ತಂತ್ರಾಂಶವೊಂದಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಟೆಸ್ಟ್: ಈಗ ಒಂದು ದರವನ್ನು ನಮೂದಿಸು, ಇಂದಿನ ಪಟ್ಟಿಯನ್ನು ತೆರೆ, ನಮೂದಿಸಿದ ದರ ಅಲ್ಲಿ ಕಾಣಬೇಕು. ಎಲ್ಲರ ಲ್ಯಾಪ್‌ಟಾಪಿನಲ್ಲೂ ಇದು ಪಾಸ್. ಸಿಐಯಲ್ಲಿ ಮಾತ್ರ ಒಮ್ಮೊಮ್ಮೆ ಫೇಲ್. ರೀ-ರನ್ ಒತ್ತಿದರೆ ಕೆಲವೊಮ್ಮೆ ಮತ್ತೆ ಫೇಲ್; ಬೆಳಿಗ್ಗೆ ಎದ್ದು ಒತ್ತಿದರೆ ಪಾಸ್. ನೆಟ್ ಸರಿ ಇರಲಿಲ್ಲವೇನೋ ಎಂದುಕೊಂಡು ಎಲ್ಲರೂ ಮುಂದೆ ಹೋಗುತ್ತಾರೆ.

ಇಂಥ ಟೆಸ್ಟನ್ನು ಫ್ಲೇಕಿ ಎನ್ನುತ್ತಾರೆ. ದೊಡ್ಡ ಕಂಪನಿಗಳನ್ನೂ ಇದು ಬಿಟ್ಟಿಲ್ಲ. ತಮ್ಮಲ್ಲಿ ಶೇ 16ರಷ್ಟು ಟೆಸ್ಟ್‌ಗಳಲ್ಲಿ ಒಂದಿಷ್ಟಾದರೂ ಈ ಗುಣ ಇದೆಯೆಂದೂ, ಪಾಸಾಗುತ್ತಿದ್ದ ಟೆಸ್ಟ್ ಫೇಲ್ ಆದ ಪ್ರಸಂಗಗಳಲ್ಲಿ ಶೇ 84ರಷ್ಟರಲ್ಲಿ ಫ್ಲೇಕಿ ಟೆಸ್ಟ್‌ಗಳೇ ಇದ್ದವೆಂದೂ ಗೂಗಲ್‌ನವರು 2016ರಲ್ಲಿ ಹೇಳಿದ್ದರು. ಇದರ ದೊಡ್ಡ ಅಪಾಯ ಸಮಯ ಹಾಳಾಗುವುದಷ್ಟೇ ಅಲ್ಲ. ಕೆಂಪು ಗುರುತನ್ನು ನಂಬದಿರುವ ಅಭ್ಯಾಸ ತಂಡಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ನಿಜವಾದ ದೋಷ ಬಂದಾಗಲೂ ಕೈ ತಾನಾಗಿಯೇ ರೀ-ರನ್ ಕಡೆ ಹೋಗುತ್ತದೆ.

ಆ ದರದ ತಂತ್ರಾಂಶಕ್ಕೆ ಮರಳೋಣ. ಒಬ್ಬರ ಫೇಲ್ ಆದ ಲಾಗನ್ನು ಎಷ್ಟು ಹೊತ್ತು ನೋಡಿದರೂ ‘ಪಟ್ಟಿ ಖಾಲಿ ಇದೆ’ ಎಂಬುದಕ್ಕಿಂತ ಹೆಚ್ಚಿನದು ಸಿಗುವುದಿಲ್ಲ. ತಂಡದ ಎಲ್ಲರ ಫೇಲ್ ಆದ ಲಾಗ್‌ಗಳನ್ನೂ ಒಂದೇ ಪರದೆಯ ಮೇಲೆ ಸಾಲಾಗಿ ಇಟ್ಟು, ಯಾರು, ಯಾವಾಗ, ಎಷ್ಟು ಹೊತ್ತಿಗೆ ಪುಶ್ ಮಾಡಿದರು (ಕೋಡ್ ಕಳಿಸಿದರು) ಎಂದು ಪಕ್ಕದಲ್ಲಿ ಬರೆಯುತ್ತಾ ಹೋಗಿ. ಎಲ್ಲವೂ ರಾತ್ರಿ 12 ಗಂಟೆಯಿಂದ ಬೆಳಗಿನ ಜಾವ 5.30ರ ಒಳಗೆ ಬೀಳುತ್ತವೆ. 5.30 ಎಂಬ ಅಂಕೆಯನ್ನು ಕಂಡೊಡನೆ ಕೂತವರಲ್ಲಿ ಯಾರಿಗಾದರೂ ಹೊಳೆಯಲೇಬೇಕು: ಭಾರತೀಯ ಕಾಲಮಾನವು ಯುಟಿಸಿ ಎಂಬ ಜಾಗತಿಕ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದಿದೆ, ಸಿಐ ಯಂತ್ರದ ಗಡಿಯಾರ ಯುಟಿಸಿಯಲ್ಲಿದೆ. ದರವನ್ನು ಉಳಿಸುವ ಫಂಕ್ಷನ್ ಭಾರತೀಯ ದಿನಾಂಕವನ್ನು ಹಾಕುತ್ತಿದೆ, ಪಟ್ಟಿ ತೆಗೆಯುವ ಫಂಕ್ಷನ್ ಯಂತ್ರದ ದಿನಾಂಕವನ್ನು ಕೇಳುತ್ತಿದೆ. ಜುಲೈ 12ರ ರಾತ್ರಿ 12.20ಕ್ಕೆ ಪುಶ್ ಮಾಡಿದರೆ ಆ ಯಂತ್ರದಲ್ಲಿ ಇನ್ನೂ ಜುಲೈ 11ರ ಸಂಜೆ 6.50. ದರ 12ರ ಲೆಕ್ಕಕ್ಕೆ ಹೋಗಿದೆ, ಪಟ್ಟಿ 11ರದ್ದು ಬಂದಿದೆ.

ಈ ಕಾರಣ ಒಬ್ಬರ ಅನುಭವದಲ್ಲಿ ಕಾಣುವಂಥದ್ದಲ್ಲ, ಹಲವರ ಅನುಭವವನ್ನು ಒಟ್ಟಿಗಿಟ್ಟಾಗ ಮಾತ್ರ ಕಾಣುವಂಥದ್ದು. ಸಮುದಾಯದ ಕಲಿಕೆ ಎಂದು ನಾನು ಕರೆಯುವುದು ಇದನ್ನೇ. ತಿಳಿದವರೊಬ್ಬರು ಬಂದು ಪಾಠ ಹೇಳಿ ಹೋಗುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಕಾರಣ ತಿಳಿದ ಮೇಲೆ ತಿದ್ದುವುದರಲ್ಲೂ ಎರಡು ದಾರಿಗಳಿವೆ. ಸಿಐ ಯಂತ್ರದ ಕಾಲವಲಯವನ್ನೇ ಏಷ್ಯಾ/ಕೋಲ್ಕತಾ ಎಂದು ಬದಲಾಯಿಸಿದರೆ ಕೆಂಪು ಗುರುತು ಹೋಗುತ್ತದೆ, ಆದರೆ ದೋಷ ಹಾಗೆಯೇ ಉಳಿದು, ತಂತ್ರಾಂಶವನ್ನು ಬಾಡಿಗೆ ಸರ್ವರಿನಲ್ಲಿ ಇಟ್ಟ ದಿನ ಬೆಳೆಗಾರರಿಗೆ ಕಾಣಿಸಿಕೊಳ್ಳುತ್ತದೆ. ಸರಿಯಾದ ದಾರಿ ಎಂದರೆ, ‘ಇಂದು’ ಯಾವುದು ಎಂಬುದನ್ನು ಎರಡೂ ಫಂಕ್ಷನ್‌ಗಳು ಒಂದೇ ಕಡೆಯಿಂದ ಪಡೆಯುವಂತೆ ಮಾಡಿ, ಟೆಸ್ಟಿಗೆ ನಡುರಾತ್ರಿ ಕಳೆದ ಒಂದು ನಿಶ್ಚಿತ ಹೊತ್ತನ್ನು ಕೊಟ್ಟು ಓಡಿಸುವುದು. ಜೊತೆಗೆ ಇಡೀ ಟೆಸ್ಟ್ ಗುಂಪನ್ನು ಒಮ್ಮೆ ಯುಟಿಸಿಯಲ್ಲೂ ಒಮ್ಮೆ ಭಾರತೀಯ ಕಾಲಮಾನದಲ್ಲೂ ಓಡಿಸುವ ಸಾಲನ್ನು ಪೈಪ್‌ಲೈನಿಗೆ (ಸಿಐ ನಡೆಸುವ ಹಂತಗಳ ಪಟ್ಟಿಗೆ) ಸೇರಿಸುವುದು. ಆಗ ತಿಳಿದ ವಿಷಯ ಬಿಲ್ಡಿನೊಳಗೆ ಉಳಿಯುತ್ತದೆ. ನಮ್ಮ ಹಾಸನ, ಚಿಕ್ಕಮಗಳೂರಿನ ತಂಡಗಳಿಗೆ ಇದು ಬಹಳ ಮುಖ್ಯ. ಓದು ಮುಗಿದೊಡನೆ, ಅನುಭವ ಬಂದೊಡನೆ ನಮ್ಮ ಮಕ್ಕಳು ಬೆಂಗಳೂರಿಗೆ ಹೊರಡುತ್ತಾರೆ. ಹೊರಡಲಿ, ಅದರಲ್ಲಿ ತಪ್ಪಿಲ್ಲ. ಆದರೆ ಬಿಲ್ಡ್ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆಯೂ ಅವರ ಜೊತೆ ಬಸ್ಸು ಹತ್ತಬಾರದು.

ಇನ್ನೊಂದು ಉದಾಹರಣೆಯನ್ನು ಕನ್ನಡದಲ್ಲಿ ಕೆಲಸ ಮಾಡುವವರು ನಾವೇ ಕಲಿತು ನಾವೇ ಹಂಚಿಕೊಳ್ಳಬೇಕು. ಹೊರಗಿನ ಮಾರ್ಗದರ್ಶಿಗಳಲ್ಲಿ ಇದು ಸುಲಭಕ್ಕೆ ಸಿಗುವುದಿಲ್ಲ. ಅದೇ ತಂತ್ರಾಂಶದಲ್ಲಿ ತಾಲ್ಲೂಕಿಗೊಂದರಂತೆ ಕನ್ನಡ ಹೆಸರಿನ ಮಾಹಿತಿ ಕಡತಗಳಿವೆ, ಅವನ್ನು ಹಳೆಯ ಮ್ಯಾಕ್ ಒಂದರಲ್ಲಿ ಜಿಪ್ ಮಾಡಿ ಟೆಸ್ಟಿಗೆ ಇಡಲಾಗಿದೆ ಎನ್ನಿ. ಆ ಮ್ಯಾಕಿನಲ್ಲಿ ಎಲ್ಲ ಟೆಸ್ಟೂ ಪಾಸ್. ಲಿನಕ್ಸ್ ಇರುವ ಸಿಐ ಯಂತ್ರದಲ್ಲಿ ಕಡೂರು, ಮೂಡಿಗೆರೆ, ಚಿಕ್ಕಮಗಳೂರು ಪಾಸಾಗುತ್ತವೆ. ಕೊಪ್ಪ, ಶೃಂಗೇರಿ, ತರೀಕೆರೆ ಫೇಲ್ ಆಗುತ್ತವೆ, ‘ಕಡತ ಸಿಗಲಿಲ್ಲ’ ಎಂದು. ಫೋಲ್ಡರ್ ತೆರೆದು ನೋಡಿದರೆ ಕಡತ ಕಣ್ಣೆದುರೇ ಇದೆ. ಹಾಸನ ಜಿಲ್ಲೆಯ ಪಟ್ಟಿ ಹಾಕಿದರೂ ಹೀಗೆಯೇ: ಆಲೂರು, ಅರಕಲಗೂಡು, ಚನ್ನರಾಯಪಟ್ಟಣ ಸರಿ, ಬೇಲೂರು, ಸಕಲೇಶಪುರ, ಅರಸೀಕೆರೆ, ಹೊಳೆನರಸೀಪುರ ಸಿಗುವುದಿಲ್ಲ.

ಪಾಸಾದ ಹೆಸರುಗಳನ್ನೂ ಫೇಲಾದ ಹೆಸರುಗಳನ್ನೂ ಎರಡು ಸಾಲಿನಲ್ಲಿ ಬರೆದು ನೋಡಿ. ಫೇಲಾದ ಪ್ರತಿಯೊಂದರಲ್ಲೂ ‘ಕೊ’ದಂಥ ಒತ್ವವೋ, ‘ಗೇ’ಯಂಥ ಏತ್ವವೋ, ‘ರೀ’ಯಂಥ ಈತ್ವವೋ ಇದೆ. ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಈ ಸ್ವರಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಬಿಡಿಸಿದ ಎರಡು ಸಂಕೇತಗಳಾಗಿ. ಓತ್ವವಾದರೆ ಬಿಡಿಸಿದಾಗ ಮೂರಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಬೈಟ್‌ಗಳು ಬೇರೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರನ್ನು ಬಿಡಿಸಿದ ರೂಪದಲ್ಲಿ ಇಟ್ಟುಕೊಂಡು, ಹುಡುಕುವಾಗ ತಾನೇ ಹೊಂದಿಸಿಕೊಳ್ಳುತ್ತಿತ್ತು. ಲಿನಕ್ಸ್ ಬೈಟ್‌ಗಳನ್ನು ಇದ್ದಂತೆಯೇ ಹೋಲಿಸುತ್ತದೆ. ಪರಿಹಾರ ಕಷ್ಟದ್ದಲ್ಲ: ಹೆಸರನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದುಕೊಂಡು ಹೋಲಿಸುವುದು, ಆ ರೂಪದಲ್ಲಿಲ್ಲದ ಕಡತದ ಹೆಸರು ಬಂದರೆ ಬಿಲ್ಡ್ ನಿಲ್ಲುವಂತೆ ಒಂದು ಪುಟ್ಟ ತಪಾಸಣೆ ಬರೆಯುವುದು. ಪಂಚಾಯಿತಿಯ ಪಟ್ಟಿಯಾಗಲಿ, ಸೊಸೈಟಿಯ ಸದಸ್ಯರ ಹೆಸರಾಗಲಿ, ಕನ್ನಡದ ಮಾಹಿತಿ ಇರುವ ಯಾವ ತಂತ್ರಾಂಶಕ್ಕೂ ಈ ತಪಾಸಣೆ ಬೇಕು.

ಹೀಗೆ ಕಾರಣಗಳನ್ನು ಕೂಡಿಹಾಕುವುದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಸ್ವಯಂಸೇವಕರು ಕಟ್ಟುವ ಲಿನಕ್ಸ್ ವ್ಯವಸ್ಥೆಯಾದ ಡೆಬಿಯನ್‌ನ ಸಮುದಾಯವನ್ನು ನೋಡಬೇಕು. ಒಂದೇ ಮೂಲ ಕೋಡನ್ನು ಯಾರು, ಎಲ್ಲಿ, ಯಾವಾಗ ಬಿಲ್ಡ್ ಮಾಡಿದರೂ ಬೈಟ್ ಬೈಟೂ ಒಂದೇ ಫಲ ಬರಬೇಕು ಎಂಬ ಗುರಿಯನ್ನು ಅಲ್ಲಿನ ಸ್ವಯಂಸೇವಕರು 2013ರಲ್ಲಿ ಕೈಗೆತ್ತಿಕೊಂಡರು. ಸಾವಿರಾರು ಪ್ಯಾಕೇಜುಗಳನ್ನು ತಲಾ ಎರಡು ಬಾರಿ ಬಿಲ್ಡ್ ಮಾಡುವುದು, ಎರಡನೆಯ ಬಾರಿ ಗಡಿಯಾರ, ಕಾಲವಲಯ, ಭಾಷೆಯ ಸೆಟ್ಟಿಂಗ್, ಕಡತಗಳು ಓದಿಗೆ ಸಿಗುವ ಕ್ರಮ ಇವನ್ನೆಲ್ಲ ಬೇಕೆಂದೇ ಬದಲಾಯಿಸುವುದು, ಬಂದ ಎರಡು ಫಲಗಳನ್ನು ಹೋಲಿಸುವುದು ಅವರ ಕ್ರಮ. ವ್ಯತ್ಯಾಸ ಕಂಡಲ್ಲಿ ಅದರ ಕಾರಣಕ್ಕೆ ಒಂದು ಹೆಸರು ಕೊಟ್ಟು, ವಿವರಣೆ ಬರೆದು, ಅದು ಯಾವ ಯಾವ ಪ್ಯಾಕೇಜುಗಳಲ್ಲಿದೆ ಎಂಬ ಪಟ್ಟಿಯೊಂದಿಗೆ ಎಲ್ಲರಿಗೂ ತೆರೆದಿರುವ ಟಿಪ್ಪಣಿಯಲ್ಲಿ ಇಟ್ಟರು. ಆಗ ಸಾವಿರಾರು ಸಮಸ್ಯೆಗಳ ಹಿಂದೆ ಮತ್ತೆ ಮತ್ತೆ ಬರುವ ಕೆಲವೇ ಬಗೆಯ ಕಾರಣಗಳಿರುವುದು ಕಾಣತೊಡಗಿತು. ಬಿಲ್ಡ್ ಮಾಡಿದ ಹೊತ್ತನ್ನು ಪ್ರೋಗ್ರಾಮಿನೊಳಗೆ ಬರೆಯುವುದು ಅಂಥದೊಂದು. ಅದಕ್ಕಾಗಿ, ಆ ಹೊತ್ತಿನ ಬದಲು ಬಳಸಬೇಕಾದ ಒಂದು ನಿಶ್ಚಿತ ಹೊತ್ತನ್ನು ಕೊಡುವ ‘ಸೋರ್ಸ್ ಡೇಟ್ ಇಪಾಕ್’ ಎಂಬ ಒಂದೇ ವೇರಿಯಬಲ್ಲನ್ನು ಗೊತ್ತುಪಡಿಸಿದರು. ಅದನ್ನು ಜಿಸಿಸಿ ಕಂಪೈಲರ್ ಸೇರಿದಂತೆ ಹಲವು ಸಾಧನಗಳು ಒಪ್ಪಿಕೊಂಡಿವೆ. ಡೆಬಿಯನ್‌ನ ಬಿಲ್ಡ್ ಲಾಗ್‌ಗಳು ಇಂದಿಗೂ ಯಾರು ಬೇಕಾದರೂ ಓದಬಹುದಾದಂತೆ ತೆರೆದಿವೆ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗೂ ಬರ್ಲಿನ್ನಿನ ವಿದ್ಯಾರ್ಥಿಗೂ ಅಲ್ಲಿ ಸಿಗುವುದು ಒಂದೇ ಪುಟ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಬಹಳ ಸಂತೋಷವಾಗುತ್ತದೆ.

ಹೊರಗಿನ ಲೈಬ್ರರಿಗಳ, ಎಂದರೆ ಬೇರೆಯವರು ಬರೆದು ನಾವು ಬಳಸುವ ಕೋಡಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 2016ರ ಮಾರ್ಚ್‌ನಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಸಂಗ್ರಹವಾದ ಎನ್‌ಪಿಎಂನಿಂದ ‘ಲೆಫ್ಟ್ ಪ್ಯಾಡ್’ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದಾಗ ಜಗತ್ತಿನಾದ್ಯಂತ ಬಿಲ್ಡ್‌ಗಳು ನಿಂತವು. ನಮ್ಮಲ್ಲಿ ಅಂಥ ಪ್ರಸಂಗಕ್ಕೆ ಕಾಯಬೇಕಿಲ್ಲ. ಆಷಾಢದ ಮಳೆಗೆ ಮೂಡಿಗೆರೆ, ಸಕಲೇಶಪುರದ ಕಡೆ ಮರ ಬಿದ್ದು ಕರೆಂಟ್ ಹೋದರೆ, ನೆಟ್ ನಿಂತರೆ ಸಾಕು, ಪ್ರತಿ ಬಾರಿಯೂ ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳುವ ಬಿಲ್ಡ್ ನಿಲ್ಲುತ್ತದೆ. ಯಾವ ಲೈಬ್ರರಿಯ ಯಾವ ವರ್ಷನ್ ಬೇಕೆಂದು ದಾಖಲಿಸುವ ಲಾಕ್ ಕಡತವನ್ನು ರೆಪೊಸಿಟರಿಗೆ ತಪ್ಪದೆ ಸೇರಿಸಿ. ಸಿಐಯಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬದಲಿಗೆ, ಲಾಕ್ ಕಡತದಲ್ಲಿರುವ ವರ್ಷನ್‌ಗಳನ್ನೇ ಹಾಕುವ ‘ಎನ್‌ಪಿಎಂ ಸಿಐ’ ಬಳಸಿ. ಇಳಿಸಿಕೊಂಡದ್ದನ್ನು ಕ್ಯಾಶ್‌ನಲ್ಲಿ ಇಟ್ಟುಕೊಂಡು, ಆಗಾಗ ವೈಫೈ ಆರಿಸಿ ಬಿಲ್ಡ್ ಮಾಡಿ ನೋಡಿ. ಆಗ ಏನು ಕೈಕೊಡುತ್ತದೋ ಅದು ನಿಮ್ಮ ಲಾಕ್ ಕಡತದ ಅಥವಾ ಕ್ಯಾಶ್‌ನ ಹಿಡಿತಕ್ಕೆ ಇನ್ನೂ ಬಂದಿಲ್ಲ ಎಂದು ತಿಳಿಯಿರಿ.

ಭದ್ರತೆಯೂ ಬಿಲ್ಡಿನ ವಿಷಯವೇ. 2024ರ ಮಾರ್ಚ್‌ನಲ್ಲಿ ಬಯಲಾದ, ಲಿನಕ್ಸ್‌ನಲ್ಲಿ ಕಡತ ಕುಗ್ಗಿಸಲು ಬಳಸುವ ‘ಎಕ್ಸ್‌ಜೆಡ್’ ತಂತ್ರಾಂಶದ ಪ್ರಕರಣದಲ್ಲಿ, ಯಂತ್ರದೊಳಗೆ ನುಸುಳುವ ಕಳ್ಳದಾರಿಯನ್ನು ಕೆಲಸಕ್ಕೆ ಹಚ್ಚುವ ಸಾಲುಗಳು ಗಿಟ್ ರೆಪೊಸಿಟರಿಯಲ್ಲಿ ಇರಲಿಲ್ಲ. ಎಲ್ಲ ಕಡತಗಳನ್ನೂ ಒಂದಾಗಿ ಕಟ್ಟಿದ ಬಿಡುಗಡೆಯ ಟಾರ್ ಕಡತದ ಬಿಲ್ಡ್ ಸ್ಕ್ರಿಪ್ಟಿನಲ್ಲಿ ಅಡಗಿದ್ದವು. ದೂರದ ಯಂತ್ರಕ್ಕೆ ಸೇರುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂಬುದನ್ನು ಗಮನಿಸಿ, ಬಿಡದೆ ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆಹಚ್ಚಿ ಎಲ್ಲರಿಗೂ ತಿಳಿಸಿದರು. 2025ರ ಮಾರ್ಚ್‌ನಲ್ಲಿ ಗಿಟ್‌ಹಬ್ ಆಕ್ಷನ್ಸ್‌ನ ಜನಪ್ರಿಯ ಆಕ್ಷನ್ (ಬೇರೆಯವರು ಬರೆದ ಸಿದ್ಧ ಹಂತ) ಒಂದರ ವರ್ಷನ್ ಟ್ಯಾಗ್‌ಗಳನ್ನೇ ದುಷ್ಕರ್ಮಿಗಳು ಬದಲಾಯಿಸಿ, ಅದನ್ನು ಬಳಸುತ್ತಿದ್ದವರ ಗುಪ್ತ ಕೀಲಿಗಳು ಲಾಗ್‌ನಲ್ಲಿ ಅಚ್ಚಾಗುವಂತೆ ಮಾಡಿದ್ದರು. ಹೊರಗಿನ ಆಕ್ಷನ್ ಬಳಸುವಾಗ ಟ್ಯಾಗ್ ಬದಲು 40 ಅಕ್ಷರಗಳ ಪೂರ್ಣ ಕಮಿಟ್ ಹ್ಯಾಶ್ ಬರೆಯಿರಿ; ಅದು ಕೋಡಿನ ಆ ಒಂದು ರೂಪಕ್ಕೇ ಗುರುತು, ಟ್ಯಾಗಿನಂತೆ ಬದಲಾಗದು.

ಲಾಗನ್ನು ಕೂಡಿ ಓದುವುದು ಹೇಗೆ ಎಂಬುದಕ್ಕೆ ನನ್ನ ಅನುಭವದಿಂದ ಕೆಲವು ಮಾತುಗಳು. ತಿಂಗಳಿಗೊಮ್ಮೆ ಸೇರಿದರೂ ಸಾಕು, ಒಂದು ಕೂಟಕ್ಕೆ ಒಂದೇ ಕೆಂಪು ಲಾಗ್ ಸಾಕು. ಯಾರ ಕಮಿಟ್‌ನಿಂದ ಕೆಟ್ಟಿತು ಎಂದು ಕೇಳಬೇಡಿ. ಆ ಪ್ರಶ್ನೆ ಬಂದ ಕೂಡಲೇ ಹೊಸಬರು ಬಾಯಿ ಮುಚ್ಚುತ್ತಾರೆ, ಮುಂದಿನ ಕೂಟಕ್ಕೆ ಲಾಗ್ ತರುವವರೇ ಇರುವುದಿಲ್ಲ. ಕೊನೆಯ ಸಾಲಿನಿಂದ ಓದಬೇಡಿ, ಮೊದಲು ಕಂಡ ತಪ್ಪಿನಿಂದ ಓದಿ. ಕೊನೆಯಲ್ಲಿ ಕಾಣುವುದು ಬಹಳ ಸಲ ಮೊದಲಿನದರ ಪರಿಣಾಮ ಅಷ್ಟೇ. ಮಾತು ಕನ್ನಡದಲ್ಲಿರಲಿ. ಇಂಗ್ಲಿಷಿನಲ್ಲಿ ಮಾತಾಡಲು ಹಿಂಜರಿಯುವ ಹುಡುಗಿಯ ಬಳಿಯೇ ಆ ದಿನದ ಉತ್ತರ ಇರಬಹುದು. ಕೂಟ ಮುಗಿಯುವ ಮುನ್ನ, ಏನು ಕಂಡಿತು, ಕಾರಣವೇನು, ಹೇಗೆ ತಿಳಿಯಿತು, ಮತ್ತೆ ಬಂದರೆ ಬಿಲ್ಡಿನ ಯಾವ ತಪಾಸಣೆ ಹಿಡಿಯುತ್ತದೆ ಎಂಬ ನಾಲ್ಕು ಸಾಲನ್ನು ರೆಪೊಸಿಟರಿಯಲ್ಲೇ ಬರೆದಿಡಿ. ನಾಲ್ಕನೆಯ ಸಾಲು ಖಾಲಿ ಉಳಿದರೆ ಕೆಲಸ ಮುಗಿದಿಲ್ಲ.

ಮಾತಿನ ಬಳಿಕ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. “ಮೇಡಂ, ನಮ್ಮ ಫೈನಲ್ ಇಯರ್ ಪ್ರಾಜೆಕ್ಟಲ್ಲಿ ಒಂದು ಟೆಸ್ಟೂ ಇಲ್ಲ. ಎಲ್ಲಿಂದ ಶುರು ಮಾಡ್ಬೇಕು?” ಎಂದು ವಿದ್ಯಾರ್ಥಿಯೊಬ್ಬರು ಕೇಳಿದರು. ಟೆಸ್ಟ್‌ನಿಂದ ಬೇಡ, ಬಿಲ್ಡ್‌ನಿಂದಲೇ ಶುರು ಮಾಡಿ ಎಂದೆ. ನಿಮ್ಮ ತಂಡದಲ್ಲಿಲ್ಲದ ಸಹಪಾಠಿಯೊಬ್ಬರಿಗೆ ರೆಪೊಸಿಟರಿಯನ್ನು ಕೊಟ್ಟು, ಅವರ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಲು ಹೇಳಿ. ನೀವು ಪಕ್ಕದಲ್ಲಿ ಕೂತಿರಿ, ಕೀಬೋರ್ಡ್ ಮುಟ್ಟಬೇಡಿ, ಬಾಯಿಬಿಡಬೇಡಿ; ಅವರು ಎಲ್ಲೆಲ್ಲಿ ತಡೆದು ನಿಂತರು ಎಂದು ಬರೆದುಕೊಳ್ಳಿ. ಆ ಒಂದೊಂದು ತಡೆಯೂ ನಿಮ್ಮ ಬಿಲ್ಡ್ ಸ್ಕ್ರಿಪ್ಟಿನಲ್ಲಿ ಇರಬೇಕಾದ ಒಂದು ಸಾಲು. ಒಂದೇ ಆಜ್ಞೆಗೆ ಬಿಲ್ಡ್ ಆಗುವ ಹಂತ ತಲುಪಿದ ಮೇಲೆ ಅದೇ ಸ್ಕ್ರಿಪ್ಟನ್ನು ಸಿಐಗೆ ಹಾಕಿ. ಮೊದಲ ಟೆಸ್ಟನ್ನು, ಬಳಸಿದವರು ಈಗಾಗಲೇ ದೂರಿರುವ ಒಂದು ದೋಷಕ್ಕೆ ಬರೆಯಿರಿ.

ಹಾಸನದ ಕಂಪನಿಯೊಂದರಿಂದ ಬಂದಿದ್ದ ಒಬ್ಬರು, “ನಮ್ಮ ಲಾಗ್‌ಗಳಲ್ಲಿ ಗ್ರಾಹಕರ ಮಾಹಿತಿ ಇರುತ್ತೆ ಮೇಡಂ, ಹೊರಗಿನವರ ಮುಂದೆ ಇಡೋಕೆ ಆಗಲ್ಲ” ಎಂದರು. ಇಡಲೇಬಾರದು ಎಂದು ನಾನೂ ಹೇಳಿದೆ. ನೀವು ಆ ದೋಷವನ್ನು ಮಾತ್ರ ಉಳಿಸಿಕೊಂಡು, ಗ್ರಾಹಕರ ಯಾವ ಮಾಹಿತಿಯೂ ಇಲ್ಲದ ಇಪ್ಪತ್ತು ಸಾಲಿನ ಹೊಸ ಪ್ರೋಗ್ರಾಮ್ ಬರೆಯಿರಿ. ದೊಡ್ಡ ಕೋಡನ್ನು ಹಾಗೆ ತುಂಡು ತುಂಡಾಗಿ ತೆಗೆಯುತ್ತಾ ಬರುವಾಗ ಅನೇಕ ಸಲ ಕಾರಣ ಅಲ್ಲೇ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಆ ಇಪ್ಪತ್ತು ಸಾಲನ್ನೂ, ಅದು ಫೇಲ್ ಆದ ಲಾಗನ್ನೂ, ಕಂಪೈಲರ್ ಮತ್ತು ಲೈಬ್ರರಿಗಳ ವರ್ಷನ್‌ಗಳನ್ನೂ ಮುಂದಿನ ಕೂಟಕ್ಕೆ ತನ್ನಿ, ಎಲ್ಲರೂ ಕೂತು ನೋಡೋಣ ಎಂದು ತಿಳಿಸಿದೆ.